ಸ್ಕಾಟ್ಸ್ ನುಡಿಯ ‘ಬ್ರೀಡ್’ (ಅಗಲ): ಇದು ‘ಬ್ರೆಡ್ತ್’ ಸವೆದು ಆದದ್ದಾ?

ನಿಘಂಟುಪ್ರಿಯ:
ಸ್ಕಾಟ್‌ಲೆಂಡಿನ ಹಳೆ ಕಾಗದಪತ್ರಗಳಲ್ಲಿ ಅಗಲದ ಮಾತು ಬಂದಾಗ ‘ಬ್ರೀಡ್’ ಅನ್ನುವ ಪದ ಎದುರಾಗುತ್ತದೆ. ಕಾಗುಣಿತ ಒಂದೊಂದು ಕಡೆ ಒಂದೊಂದು ಥರ: ಬಿ-ಆರ್-ಇ-ಐ-ಡಿ, ಬಿ-ಆರ್-ಇ-ಡಿ-ಇ, ಬಿ-ಆರ್-ಇ-ಇ-ಡಿ. ಇಂಗ್ಲಿಷಿನ ‘ಬ್ರೆಡ್ತ್’ ಹಳ್ಳಿಗರ ಬಾಯಲ್ಲಿ ಸವೆದು, ಕೊನೆಯ ‘ತ್’ ಬಿದ್ದುಹೋಗಿ ಹೀಗಾಯಿತು ಅನ್ನುವ ವಿವರಣೆ ಸರಿಯಾ? ಇನ್ನೊಂದು ಪ್ರಶ್ನೆ: ಬಟ್ಟೆಯ ವಿಷಯದಲ್ಲಿ ಎರಡು ಬ್ರೀಡ್, ಮೂರು ಬ್ರೀಡ್ ಅಂತ ಎಣಿಸುತ್ತಾರೆ. ಅಗಲವನ್ನು ಎಣಿಸುವುದು ಹೇಗೆ? ಬಲ್ಲವರು ಬಿಡಿಸಿ ಹೇಳಿ.

ಪದಬೇರು:
ಸವೆದದ್ದಲ್ಲ. ನಡೆದಿರುವುದು ಅದರ ತಿರುವುಮುರುವು. ‘ತ್’ ಇಲ್ಲದ ರೂಪವೇ ಹಳೆಯದು, ‘ತ್’ ಆಮೇಲೆ ಅಂಟಿಸಿದ್ದು.

ಹಳೆ ಇಂಗ್ಲಿಷಿನಲ್ಲಿ ‘ಬ್ರಾಡ್’ ಅಂದರೆ ಅಗಲವಾದ. ಅದರಿಂದ ಹುಟ್ಟಿದ ಭಾವನಾಮ ‘ಬ್ರ್ಯಾಡು’, ಮೊದಲ ಸ್ವರ ದೀರ್ಘ. ‘ಆ’ ಹೋಗಿ ‘ಆ್ಯ’ ಬಂದದ್ದಕ್ಕೆ ಕಾರಣ ಇದೆ: ಇನ್ನೂ ಹಿಂದಿನ ಹಂತದಲ್ಲಿ ಪ್ರತ್ಯಯದಲ್ಲಿ ಒಂದು ‘ಈ’ ಇತ್ತು, ಅದು ತನ್ನ ಹಿಂದಿನ ಸ್ವರವನ್ನು ಬಾಯಿಯ ಮುಂಭಾಗಕ್ಕೆ ಎಳೆದುಕೊಂಡಿತು. ಪ್ರತ್ಯಯ ಮಾಯವಾದರೂ ಎಳೆದ ಗುರುತು ಉಳಿಯಿತು. ‘ಹಾಟ್’ (ಬಿಸಿಯಾದ) ಇಂದ ‘ಹ್ಯಾಟು’ (ಬಿಸಿ) ಆದದ್ದೂ ಇದೇ ದಾರಿಯಲ್ಲಿ. ಇವತ್ತಿನ ಇಂಗ್ಲಿಷಿನ ‘ಹೀಟ್’ ಅದೇ ಪದ. ಆ ‘ಈ’ ನಿಜವಾಗಿ ಇತ್ತು ಅನ್ನುವುದಕ್ಕೆ 4ನೇ ಶತಮಾನದ ಗಾಥಿಕ್ ಬೈಬಲ್ ಅನುವಾದ ಸಾಕ್ಷಿ. ಅಲ್ಲಿ ಅಗಲಕ್ಕೆ ಇರುವ ಪದ ‘ಬ್ರೈಡೀ’.

ಮಧ್ಯಕಾಲದ ಇಂಗ್ಲಿಷಿನಲ್ಲೂ ‘ತ್’ ಇಲ್ಲದ ರೂಪವೇ ಚಾಲ್ತಿಯಲ್ಲಿತ್ತು. 16ನೇ ಶತಮಾನದಲ್ಲಿ ದಕ್ಷಿಣದವರು ‘ಲೆಂಗ್ತ್’ ಪಕ್ಕ ಸಾಲು ಸರಿಯಾಗಿ ಕಾಣಲಿ ಅನ್ನುವಂತೆ ಇದಕ್ಕೂ ‘ತ್’ ಹಚ್ಚಿದರು. ‘ವಿಡ್ತ್’ ಅನ್ನುವುದಂತೂ ಇನ್ನೂ ತಡ, 17ನೇ ಶತಮಾನದ್ದು. 1755ರ ನಿಘಂಟಿನಲ್ಲಿ ಸ್ಯಾಮ್ಯುಯಲ್ ಜಾನ್ಸನ್ ಅದಕ್ಕೆ ‘ಕೀಳು ಪದ’ ಅಂತ ಷರಾ ಹಾಕಿದ್ದಾನೆ. ಇವತ್ತು ಎಲ್ಲರೂ ಕೈಬಿಡದೆ ಬಳಸುವ ಪದಕ್ಕೆ ಈ ಮರ್ಯಾದೆ! ಉತ್ತರದ ಸ್ಕಾಟರು ‘ತ್’ ಹಚ್ಚುವ ಗೋಜಿಗೆ ಹೋಗದೆ ಹಳೆಯದನ್ನೇ ಆಡುತ್ತ ಉಳಿದರು. ಜರ್ಮನರ ‘ಬ್ರೈಟ’ ಕೂಡ ಹಾಗೆಯೇ ಬೋಳು ರೂಪ.

ಇಲ್ಲಿ ಎರಡು ಪದ ಕಲಸಿಹೋಗಬಾರದು. ‘ಬ್ರೇಡ್’ ಅಂದರೆ ಅಗಲವಾದ, ಗುಣವಾಚಕ. ‘ಬ್ರೀಡ್’ ಅಂದರೆ ಅಗಲ, ನಾಮಪದ. ಹಳೆಯ ದೀರ್ಘ ‘ಆ’ ದಕ್ಷಿಣದಲ್ಲಿ ‘ಓ’ ಕಡೆ ಹೊರಳಿತು, ಉತ್ತರದಲ್ಲಿ ‘ಏ’ ಕಡೆ. ಕಲ್ಲಿಗೆ ದಕ್ಷಿಣದಲ್ಲಿ ‘ಸ್ಟೋನ್’, ಉತ್ತರದಲ್ಲಿ ‘ಸ್ಟೇನ್’. ಮನೆಗೆ ‘ಹೋಮ್’, ‘ಹೇಮ್’. ಹಾಗಾಗಿ ‘ಬ್ರಾಡ್’ ಸ್ಕಾಟ್ಸ್‌ನಲ್ಲಿ ‘ಬ್ರೇಡ್’ ಆಯಿತು. ‘ಬ್ರ್ಯಾಡು’ವಿನ ಸ್ವರ ಮಾತ್ರ ಮೊದಲೇ ಮುಂದೆ ಇತ್ತು, ಅದು ಮೇಲೇರುತ್ತ ‘ಏ’ ದಾಟಿ ‘ಈ’ಗೆ ಬಂದು ನಿಂತಿತು.

ಕ್ಲೈಡ್‌ದಂಡೆ:
ಉಚ್ಚಾರದ ಬಗ್ಗೆ ಒಂದು ಸೇರ್ಪಡೆ. ಕನ್ನಡದಲ್ಲಿ ‘ಬ್ರೀಡ್’ ಅಂತ ದೀರ್ಘ ಬರೆಯುತ್ತಿದ್ದೇವೆ, ಆದರೆ ಸ್ಕಾಟರ ಬಾಯಲ್ಲಿ ಅದು ಹೆಚ್ಚುಕಡಿಮೆ ‘ಬ್ರಿಡ್’ ಅನ್ನುವಷ್ಟು ಚುರುಕು. ಏಟ್ಕನ್ ನಿಯಮ ಅಂತ ಒಂದಿದೆ, ಹಳೆ ಸ್ಕಾಟ್ಸ್ ನಿಘಂಟಿನ ಸಂಪಾದಕ ಎ. ಜೆ. ಏಟ್ಕನ್ ಹೆಸರಿನದು. ಅದರ ಪ್ರಕಾರ ಇಂಥ ಸ್ವರ ಉದ್ದ ಆಗುವುದು ‘ರ್’, ‘ವ್’, ‘ಜ್’ ಥರದ ಧ್ವನಿಗಳ ಮುಂದೆ, ಇಲ್ಲವೇ ಪದದ ತುದಿಯಲ್ಲಿ. ‘ಡ್’ ಮುಂದೆ ಮೊಟಕು. ಆದರೆ ಆ ‘ಡ್’ ಭೂತಕಾಲದ ಪ್ರತ್ಯಯವಾಗಿ ಸೇರಿದ್ದರೆ ಉದ್ದವೇ ಉಳಿಯುತ್ತದೆ. ಆದ್ದರಿಂದ ‘ಗ್ರೀಡ್’ (ದುರಾಸೆ) ಮೊಟಕು, ‘ಅಗ್ರೀಡ್’ (ಒಪ್ಪಿದ) ಉದ್ದ. ‘ಬ್ರೀಡ್’ ಮೊದಲ ಗುಂಪಿನದು.

‘ಹಳ್ಳಿಗರ ಬಾಯಲ್ಲಿ ಸವೆದದ್ದು’ ಅನ್ನುವ ಮಾತಿನ ಬಗ್ಗೆಯೂ ಹೇಳಬೇಕು. ಸ್ಕಾಟ್ಸ್‌ನ ಯಾವುದೇ ಪದಕ್ಕೂ ಇದೇ ವಿವರಣೆ ಕೊಟ್ಟು ಕೈತೊಳೆದುಕೊಳ್ಳುವ ಚಾಳಿ ಇದೆ. ‘ಲೆಂತ್’ ನೋಡಿ, ಅಲ್ಲಿ ಸ್ಕಾಟರು ‘ಗ್’ ಬಿಟ್ಟಿದ್ದಾರೆ, ‘ತ್’ ಹಾಗೇ ಇಟ್ಟುಕೊಂಡಿದ್ದಾರೆ. ನಾವು ನಾಡಿನ ಉದ್ದಗಲ ಅನ್ನುವ ಕಡೆ ಅವರದು ‘ಲೆಂತ್ ಆನ್ ಬ್ರೀಡ್’. ‘ತ್’ ಉಚ್ಚರಿಸಲು ಬಾರದೆ ಬಿಟ್ಟವರಾಗಿದ್ದರೆ ಮೊದಲನೆಯದರಲ್ಲೂ ಬಿಡುತ್ತಿದ್ದರಲ್ಲ.

ಮಗ್ಗದಮನಿ:
ಅಗಲ ಎಣಸೂದು ಹೆಂಗ ಅಂತ ಕೇಳಿದ್ರಿ. ನೇಕಾರರ ಬಾಯಾಗ ಬ್ರೀಡ್ ಅಂದ್ರ ಬರೇ ಅಳತಿ ಅಲ್ಲರೀ, ಒಂದು ತುಂಡು. ಈ ದಡಿಯಿಂದ ಆ ದಡಿ ತನಕ ಪೂರ್ತಿ ಅಗಲದ್ದು ಮಗ್ಗದಿಂದ ಇಳಿದ ಬಟ್ಟಿ ಏನೈತಿ, ಅದು ಒಂದು ಬ್ರೀಡ್. ನಮ್ಮ ದರ್ಜಿಗಳು ‘ಒಂದು ಪನ್ನಾದಾಗ ಕೂಡೂದಿಲ್ಲ, ಎರಡು ಪನ್ನಾ ಜೋಡಸಬೇಕು’ ಅಂತಾರಲ್ಲ, ಥೇಟ್ ಹಂಗ.

ಕೈಲೆ ಲಾಳಿ ಒಗಿಯೋ ಮಗ್ಗದಾಗ ಬಟ್ಟಿ ಅಗಲಕ್ಕ ನೇಕಾರನ ತೋಳೇ ಮಿತಿ. ಒಂದು ಕೈಲೆ ಒಗದು ಇನ್ನೊಂದು ಕೈಲೆ ಹಿಡಿಬೇಕು. ಹಿಂಗಾಗಿ ಒಬ್ಬನೇ ನೇಯೋ ಉಣ್ಣಿ ಬಟ್ಟಿ ಎಲ್ಲಾ ಸಂಸ್ಕಾರ ಮುಗದ ಮ್ಯಾಲ 27-28 ಇಂಚಿನ ಆಸುಪಾಸು ಇರತಿತ್ತು. ಅದಕಿಂತ ಭಾಳ ಅಗಲ ಬೇಕಾದ್ರ ಎರಡು ಮಂದಿ ಬಾಜೂಕ ಬಾಜೂಕ ಕುಂತು ಲಾಳಿ ಒಗದಾಡಬೇಕು. 1733ರಾಗ ಜಾನ್ ಕೇ ಹಗ್ಗ ಜಗ್ಗಿ ಓಡಸೋ ಲಾಳಿಗೆ ಪೇಟೆಂಟ್ ತಗೊಂಡ, ಆದ್ರ ಅದು ಹಳ್ಳಿ ಮಗ್ಗದ ತನಕ ಮುಟ್ಟಲಿಕ್ಕೆ ಭಾಳ ಕಾಲ ಹಿಡೀತು.

ಸ್ಕಾಟ್‌ಲೆಂಡಿನ ಗುಡ್ಡಗಾಡಿನ ಮಂದಿ ಮೈಗೆ ಸುತ್ತಿ ನಡಕ್ಕ ಪಟ್ಟಾ ಬಿಗಿಯೋ ದೊಡ್ಡ ಪ್ಲೇಡ್ ಇದಕ್ಕ ಚೊಲೋ ಉದಾಹರಣಿ. ಎಂಟು-ಒಂಬತ್ತು ಗಜ ಒಂಟಿ ಅಗಲದ ಬಟ್ಟಿ ತಗೊಂಡು, ನಡುವ ಕತ್ತರಸಿ ಎರಡು ಸಮ ತುಂಡು ಮಾಡಿ, ಉದ್ದಕ್ಕ ದಡಿಗೆ ದಡಿ ಕೂಡಿಸಿ ಹೊಲದ್ರ ನಾಲ್ಕು-ನಾಲ್ಕೂವರೆ ಗಜ ಉದ್ದ, 54-56 ಇಂಚು ಅಗಲ ಬರತೈತಿ. ಅಂದ್ರ ಎರಡು ಬ್ರೀಡಿನ ಪ್ಲೇಡ್.

ತಪ್ಪೋದು ಎಲ್ಲಿ ಅಂದ್ರ ಈ ಹೊಲಿಗಿ ಹತ್ತರನ. ಟಾರ್ಟನ್ ಚೌಕಡಿ ಒಂದು ಪಟ್ಟಿ ಸುತ್ತ ಕನ್ನಡಿ ಹಿಡಿದಂಗ ಹಿಂದ ತಿರಗತೈತಿ. ಆ ತಿರುವಿನ ಪಟ್ಟಿ ದಡಿಗೇ ಬರಬೇಕು, ಅದೂ ಅರ್ಧಾನs. ಪೂರ್ತಿ 12 ಎಳಿ ಪಟ್ಟಿ ಇತ್ತಂದ್ರ ದಡಿಗೆ 6 ಎಳಿ ಹಾಕಬೇಕು, ಇನ್ನೊಂದು ತುಂಡಿನ 6 ಬಂದು ಕೂಡಿದ್ರ ನಡುವ 12 ಆಗತೈತಿ. 12 ಹಾಕಿ ನೇದ್ರ ಹೊಲಿಗಿ ಮ್ಯಾಲ 24 ಎಳಿದು ದಪ್ಪ ಗೆರಿ ಬಿದ್ದು ದೂರಿಂದಾನ ಕಾಣತೈತಿ. ಅಡ್ಡ ಗೆರಿದು ಬ್ಯಾರೇನ ತೊಡಕು. ಹೊಕ್ಕು, ಅಂದ್ರ ಅಡ್ಡ ಎಳಿ, ಬಡಿಯೋ ಪೆಟ್ಟು ಒಂದು ದಿನ ಬಿರುಸು, ಒಂದು ದಿನ ಹಗೂರ ಆತಂದ್ರ ಎರಡು ತುಂಡಿನ ಚೌಕ ಒಂದಕ್ಕೊಂದು ಕೂಡೂದಿಲ್ಲ, ಗಜಕ್ಕ ಅರ್ಧ ಇಂಚು ಸರಿದ್ರೂ ನಾಲ್ಕು ಗಜಕ್ಕ ಎರಡು ಇಂಚು ಹೋತು. ಅದಕ್ಕ ಒಂದು ಚೌಕಕ್ಕ ಎಷ್ಟು ಹೊಕ್ಕು ಅಂತ ಎಣಸಿದ್ರ ಸಾಲೂದಿಲ್ಲ, ಅಳತಿ ಕಡ್ಡಿ ಇಟ್ಟು ಚೌಕದ ಉದ್ದಾನೂ ನೋಡಬೇಕು.

ಅಳತೆಪಟ್ಟಿ:
ಪ್ಲೇಡ್ ವಿವರ ಬಹಳ ಚೆನ್ನಾಗಿದೆ. ಆದರೆ ‘ಬರೇ ಅಳತೆ ಅಲ್ಲ’ ಅನ್ನುವುದನ್ನು ಜಾಸ್ತಿ ಎಳೆಯಬಾರದು. ಲಿನನ್ ವ್ಯಾಪಾರದಲ್ಲಿ ಅಗಲ ಅಂದರೆ ಕಟ್ಟುನಿಟ್ಟಿನ ಅಂಕಿಯೇ. 1727ರಲ್ಲಿ ಮೀನುಗಾರಿಕೆ ಮತ್ತು ಕೈಗಾರಿಕೆಗಳ ಟ್ರಸ್ಟಿಗಳ ಮಂಡಳಿ ಸ್ಥಾಪನೆಯಾದ ಮೇಲೆ ಮಾರಾಟದ ಲಿನನ್ನಿಗೆ ಮುದ್ರೆ ಅಧಿಕಾರಿಯ ಮುದ್ರೆ ಬೇಕಿತ್ತು; ಉದ್ದ, ಅಗಲ, ಗುಣ ನೋಡಿ ಒತ್ತುತ್ತಿದ್ದರು. 1823ರವರೆಗೂ ಈ ಪದ್ಧತಿ ನಡೆಯಿತು.

ಆ ಅಂಕಿಯ ತಳದಲ್ಲಿ ಇರುವುದು ಸ್ಕಾಟ್ಸ್ ಎಲ್, ಅಂದರೆ 37 ಇಂಚು. ಇಂದಿನ ಲೆಕ್ಕದಲ್ಲಿ ಸುಮಾರು 94.1 ಸೆಂ.ಮೀ. ಇಂಗ್ಲಿಷ್ ಎಲ್ 45 ಇಂಚು, ಫ್ಲೆಮಿಶ್ ಎಲ್ 27. ಹಳೆ ಕಾಗದದಲ್ಲಿ ಬರೀ ‘ಎಲ್’ ಅಂತ ಇದ್ದರೆ ಮೊದಲು ಅದು ಎಲ್ಲಿಯದು ಅಂತ ಗೊತ್ತುಮಾಡಿಕೊಳ್ಳದೆ ಗುಣಿಸಲು ಕೂರಬೇಡಿ. ಸ್ಕಾಟ್‌ಲೆಂಡಿನಲ್ಲಿ ಮೂಲ ಮಾದರಿಗಳನ್ನು ಊರೂರಿಗೆ ಹಂಚಿದ್ದರು: ಎಲ್ ಎಡಿನ್‌ಬರಾದ್ದು, ಪಿಂಟ್ ಸ್ಟರ್ಲಿಂಗ್‌ನದು, ತೂಕದ ಸ್ಟೋನ್ ಲಾನಾರ್ಕ್‌ನದು, ಕಾಳು ಅಳೆಯುವ ಫರ್ಲಟ್ ಲಿನ್‌ಲಿತ್‌ಗೋದ್ದು. ಡನ್‌ಕೆಲ್ಡ್ ಸಂತೆಚೌಕದ ಒಂದು ಮನೆಯ ಗೋಡೆ ಮೂಲೆಯಲ್ಲಿ 1706ರ ಕಬ್ಬಿಣದ ಎಲ್ ಇವತ್ತಿಗೂ ನೇತಾಡುತ್ತಿದೆ. ವರ್ತಕನ ಮೇಲೆ ಅನುಮಾನ ಬಂದರೆ ಗಿರಾಕಿ ಬಟ್ಟೆ ತಂದು ಅದಕ್ಕೆ ಹಿಡಿದು ನೋಡಬಹುದಿತ್ತು.

ಇಂಚು ಕೂಡ ಮೂಲದಲ್ಲಿ ಒಂದು ಅಗಲವೇ, ಹೆಬ್ಬೆರಳಿನದು. ಒಂದನೇ ಡೇವಿಡ್ (ಆಳ್ವಿಕೆ 1124–1153) ಹೆಸರಿನಲ್ಲಿ ಉಳಿದುಬಂದಿರುವ ಅಳತೆ ಕಟ್ಟಳೆ ಹೇಳುವುದು ಹೀಗೆ: ಒಬ್ಬ ದೊಡ್ಡಾಳು, ಒಬ್ಬ ಮಧ್ಯಮ ಆಳು, ಒಬ್ಬ ಸಣ್ಣಾಳು, ಈ ಮೂವರ ಹೆಬ್ಬೆರಳ ಅಗಲದ ಸರಾಸರಿ ಒಂದು ಇಂಚು, ಅಳೆಯಬೇಕಾದ್ದು ಉಗುರಿನ ಬುಡದಲ್ಲಿ. ನಮ್ಮ ಅಂಗುಲಕ್ಕೆ ಅರ್ಥಶಾಸ್ತ್ರ ಮಧ್ಯಮ ಗಾತ್ರದ ಪುರುಷನ ನಡುಬೆರಳ ನಡುಭಾಗದ ಅಗಲ ಹೇಳುತ್ತದಲ್ಲ, ಯೋಚನೆಯ ಜಾಡು ಒಂದೇ. ಅಲ್ಲಿ ಒಬ್ಬ ಮಧ್ಯಮನನ್ನು ಆರಿಸಿದರು, ಇಲ್ಲಿ ಮೂವರನ್ನು ಕೂಡಿಸಿ ಭಾಗಿಸಿದರು.

ಇನ್ನು ನೇಯ್ಗೆಯ ಸಾಂದ್ರತೆ. ಮಗ್ಗದಲ್ಲಿ ಉದ್ದ ಎಳೆಗಳನ್ನು ಬಿಡಿಸಿ ಹಿಡಿಯುವ ಬಾಚಣಿಗೆಯಂಥದ್ದು ಹಣಿಗೆ. ಸ್ಕಾಟ್‌ಲೆಂಡಿನಲ್ಲಿ ಹಣಿಗೆಯ ನಂಬರು ಅಂದರೆ 37 ಇಂಚಿನಲ್ಲಿ ಎಷ್ಟು ಸಂದು ಅನ್ನುವ ಎಣಿಕೆ. 20 ಸಂದಿಗೆ ಒಂದು ಪೋರ್ಟರ್, 5 ಪೋರ್ಟರಿಗೆ ನೂರು. ಸಂದಿಗೆ ಎರಡು ಎಳೆ. ರಾಬರ್ಟ್ ಬರ್ನ್ಸ್‌ನ ‘ಟ್ಯಾಮ್ ಒ’ ಶಾಂಟರ್’ (1791) ಕವನದಲ್ಲಿ ‘ಹದಿನೇಳು ನೂರರ ಲಿನನ್’ ಅಂತ ಬರುವುದು ಇದೇ ಲೆಕ್ಕ, ಬೆಲೆಯೂ ಅಲ್ಲ ಇಸವಿಯೂ ಅಲ್ಲ. 1700 ಸಂದು, 3400 ಎಳೆ, ಇಂಚಿಗೆ ಸುಮಾರು 92. ಒಳ್ಳೆ ನವಿರು ಬಟ್ಟೆ. ಅದೇ ಕವನದಲ್ಲಿ ಕುಣಿಯುವ ಹುಡುಗಿ ತೊಟ್ಟ ಮೋಟು ಅಂಗಿ ಪೇಸ್ಲಿಯ ‘ಹಾರ್ನ್’, ಅಂದರೆ ಒರಟು ಲಿನನ್. ಹಣಿಗೆಯ ಲೆಕ್ಕ ಗೊತ್ತಿಲ್ಲದಿದ್ದರೆ ಈ ಎರಡು ಬಟ್ಟೆಗಳ ಅಂತರ ಓದುಗನ ಕೈಗೆ ಸಿಗುವುದೇ ಇಲ್ಲ.

ಮಗ್ಗದಮನಿ:
ಅಳತೆಪಟ್ಟಿಯವರs, ಲಿನನ್ನಿಗೆ ನೀವು ಹೇಳಿದ್ದು ಖರೆ. ಆದ್ರ ಉಣ್ಣಿಗೆ ಒಂದs ಅಂಕಿ ಹಿಡದು ಕುಂತ್ರ ಮೋಸ ಹೋಗತೀರಿ. ಹಣಗಿ ಮ್ಯಾಲಿನ ಅಗಲ ಬ್ಯಾರೆ, ಮಗ್ಗದಿಂದ ಇಳಿಸಿದ ಅಗಲ ಬ್ಯಾರೆ, ತೊಳದು ದಟ್ಟ ಮಾಡಿದ ಮ್ಯಾಲಿನ ಅಗಲ ಬ್ಯಾರೆ. ಲೆಕ್ಕ ಹಿಂದಿನಿಂದ ಮುಂದಕ್ಕ ಹಾಕಬೇಕು. ಕಡೀಕ 28 ಇಂಚು ಬೇಕು, ತೊಳದು ದಟ್ಟ ಮಾಡೋದರಾಗ ನೂರಕ್ಕ 20 ಕುಗ್ಗತೈತಿ ಅಂತ ಹಿಡೀರಿ: 28 ಭಾಗಿಸು 0.80, ಅಂದ್ರ 35. ಹೊಕ್ಕಿನ ಜಗ್ಗಿಗೆ ಮಗ್ಗದ ಮ್ಯಾಲ ನೂರಕ್ಕ 6 ಒಳಗ ಬರತೈತಿ ಅಂದ್ರ 35 ಭಾಗಿಸು 0.94, ಅಂದ್ರ 37.2 ಇಂಚು. ಅಷ್ಟು ಅಗಲ ಹಣಗಿ ಮ್ಯಾಲ ಬೇಕು. ಇಂಚಿಗೆ 16 ಎಳಿ ಆದ್ರ 595 ಎಳಿ ಹಾಸು, ಅಂದ್ರ ಉದ್ದ ಎಳಿ. 37 ಬಂತಂತ ಅದಕ್ಕೂ ಎಲ್‌ಗೂ ಗಂಟು ಹಾಕಬ್ಯಾಡ್ರಿ, ನಾ ಹಿಡಿದ ಅಂಕಿಗೆ ಹಂಗ ಬಂತು. ಕುಗ್ಗೂದು ನೂರಕ್ಕ 25 ಆದ್ರ ಇದು 40ರ ಹತ್ರ ಹೋಗತೈತಿ. ಅದಕ್ಕ ಮೊದಲ ಒಂದು ಚೂರು ನೇದು, ಬಿಸಿನೀರು ಸಾಬಾಣದಾಗ ತೊಳದು, ಅಳದು, ಆಮ್ಯಾಲ ಹಾಸು ಹೂಡಬೇಕು.

ದಟ್ಟ ಮಾಡೋದಕ್ಕ ಅಲ್ಲಿ ‘ವಾಕಿಂಗ್’ ಅಂತಾರ, ನಡಿಯೋದಲ್ಲ ಮತ್ತ. ಹೆಣಮಕ್ಕಳು ಹಲಗಿ ಸುತ್ತ ಕುಂತು ಹಸಿ ಬಟ್ಟಿ ಬಡಿಬಡಿದು ಹಾಡ ಹೇಳತಿದ್ರು. ನಡುನಡುವ ಬೆರಳಲೆ ಅಗಲ ಅಳದು ನೋಡತಿದ್ರು. ಒಂದs ಕಡೆ ಹೆಚ್ಚು ಬಡದ್ರ ಅಲ್ಲಿ ಸೊಂಟ ಬಿದ್ದಂಗ ಬಟ್ಟಿ ಕಿರಿದಾಗತೈತಿ, ಆಮ್ಯಾಲ ಜಗ್ಗಿದ್ರೂ ಬರೂದಿಲ್ಲ.

ಇನ್ನ ದಡಿ. ಹೊಕ್ಕು ಬಿಗಿ ಜಗ್ಗಿ ಬಿಟ್ರ ಬಟ್ಟಿ ಒಳಗ ಬಂದು, ದಡಿ ಎಳಿ ಹಣಗಿಗೆ ತಿಕ್ಕಿ ಹರೀತಾವ. ಲಾಳಿ ಹಾದ ಮ್ಯಾಲ ಹೊಕ್ಕು ನೆಟ್ಟಗ ಬಿಡದ ಸ್ವಲ್ಪ ಬಿಲ್ಲಿನಂಗ ಏರಿಸಿ ಬಿಟ್ಟು ಬಡಿಬೇಕು. ಬಟ್ಟಿ ಅಗಲಕ್ಕ ಜಗ್ಗಿ ಹಿಡಿಯೋ ಮುಳ್ಳಿನ ಹಿಗ್ಗುಕಡ್ಡಿ ಹಾಕೋರು ಪ್ರತಿ ಒಂದೆರಡು ಇಂಚಿಗೆ ಮುಂದ ಸರಸಬೇಕು, ಇಲ್ಲಾಂದ್ರ ಹಾಕಿದಲ್ಲಿ ಅಗಲ, ಅದರ ಮುಂದ ಕಿರಿದು.

ನಿಮ್ಮ 1700ರ ಹಣಗಿ ಬಗ್ಗೆ: ನಮ್ಮ ಕಡೆ ಹಣಗಿ ನಂಬರು ಸ್ಟಾಕ್‌ಪೋರ್ಟ್ ಲೆಕ್ಕದಾಗ, ಎರಡು ಇಂಚಿಗೆ ಎಷ್ಟು ಸಂದು ಅಂತ. 1700ಕ್ಕ 37ಲೆ ಭಾಗಿಸಿ 2 ಲೆ ಗುಣಿಸ್ರಿ, 92 ನಂಬರಿನ ಹಣಗಿ. ಅಂಗಡ್ಯಾಗ ಹಂಗ ಕೇಳಿದ್ರ ಗೊತ್ತಾಗತೈತಿ.

ನಿಘಂಟುಪ್ರಿಯ:
ಎಷ್ಟೊಂದು ವಿಷಯ! ಬಟ್ಟೆ ಬಿಟ್ಟು ಬೇರೆ ಬಳಕೆ ಇವೆಯೇ? ‘ಅಬ್ರೀಡ್’ ಅಂತಲೂ ಒಂದು ರೂಪ ನೋಡಿದ ನೆನಪು.

ಕ್ಲೈಡ್‌ದಂಡೆ:
‘ಅಬ್ರೀಡ್’ ಅಂದರೆ ಅಗಲಕ್ಕೆ, ಹರಡಿಕೊಂಡು. ‘ಆನ್ ಬ್ರೀಡ್’ ಕೂಡಿ ಒಂದಾದದ್ದು. ಬರ್ನ್ಸ್ 1786ರಲ್ಲಿ ಅಚ್ಚುಹಾಕಿಸಿದ ಒಂದು ಪದ್ಯದಲ್ಲಿ ಮುದಿ ರೈತ ತನ್ನ ಮುದಿ ಕುದುರೆ ಮ್ಯಾಗಿಯನ್ನು ಹೊಗಳುತ್ತಾನೆ. ಗಟ್ಟಿ ನೆಲದಲ್ಲಿ ನೇಗಿಲು ಸಿಕ್ಕಿಕೊಂಡಾಗ ಅದು ಚಿಮ್ಮದೆ, ಕುಪ್ಪಳಿಸದೆ, ಬಾಲ ಬೀಸಿ, ತುಂಬಿದ ಎದೆಯನ್ನು ‘ಅಬ್ರೀಡ್’ ಹರಡಿ ಎಳೆಯುತ್ತಿತ್ತಂತೆ. ಇದನ್ನು ಇಂಗ್ಲಿಷಿನ ‘ಅಬ್ರಾಡ್’ ಅಂದುಕೊಂಡು ‘ಹೊರದೇಶ’ ಅನ್ನುವ ಅರ್ಥ ಹಚ್ಚಿದರೆ ಕುದುರೆ ಹಡಗು ಹತ್ತಬೇಕಾಗುತ್ತದೆ.

ಕೈಯ ಅಗಲಕ್ಕೆ ‘ಹ್ಯಾಂಡ್‌ಬ್ರೀಡ್’ ಇದೆ. ‘ಬ್ರೇಡ್’ ಕಡೆಯಿಂದ ‘ಬ್ರೇಡ್ ಕ್ಲೇತ್’, ಅಗಲ ನೇಯ್ದು ದಟ್ಟ ಮಾಡಿದ ದುಬಾರಿ ಉಣ್ಣೆ. ರಾಬರ್ಟ್ ಫರ್ಗುಸನ್ 1772ರಲ್ಲಿ ಆ ಹೆಸರಿನಲ್ಲೇ ಒಂದು ಪದ್ಯ ಬರೆದು, ಅದನ್ನು ತೊಟ್ಟವನಿಗೆ ಊರು ಕೊಡುವ ಮರ್ಯಾದೆಯನ್ನು ಗೇಲಿ ಮಾಡಿದ್ದಾನೆ. ಕಿರಿ ಅಗಲದ ಮಗ್ಗಗಳ ನಾಡಿನಲ್ಲಿ ಅಗಲದ ಬಟ್ಟೆಗೆ ಅಷ್ಟು ಬಿಂಕ ಯಾಕೆ ಅನ್ನುವುದು ಮಗ್ಗದಮನಿಯವರ ಲೆಕ್ಕ ಓದಿದ ಮೇಲೆ ಹೇಳಬೇಕಿಲ್ಲ.

ದೊಡ್ಡ ಬಲೆ ಬೇರೆ ಇದೆ. ಸ್ಕಾಟ್ಸ್‌ನಲ್ಲಿ ರೊಟ್ಟಿಗೂ ‘ಬ್ರೀಡ್’ ಅನ್ನುತ್ತಾರೆ! ಉಚ್ಚಾರ ಒಂದೇ, ಕಾಗುಣಿತವೂ ಎಷ್ಟೋ ಕಡೆ ಒಂದೇ. ಈಶಾನ್ಯ ಭಾಗದಲ್ಲಂತೂ ಬರೀ ‘ಬ್ರೀಡ್’ ಅಂದರೆ ಓಟ್ಸ್ ಹಿಟ್ಟಿನ ಗರಿ ರೊಟ್ಟಿ, ಗೋಧಿಯದಕ್ಕೆ ‘ಲೋಫ್’.

ಪದಬೇರು:
ಬೇರು ಬೇರೆ ಬೇರೆ. ರೊಟ್ಟಿಯದು ಹಳೆ ಇಂಗ್ಲಿಷಿನ ‘ಬ್ರೆಆಡ್’, ಅಗಲದ್ದು ‘ಬ್ರ್ಯಾಡು’. ಎರಡು ಹೊಳೆ ಒಂದೇ ಸ್ವರಕ್ಕೆ ಬಂದು ಸೇರಿವೆ. ಬರಹದಲ್ಲಿ ಬಿಡಿಸಿಕೊಳ್ಳಲು ಸುತ್ತಲಿನ ಪದ ನೋಡಿ. ಹಿಂದೆ ‘ಆಫ್’ ಅಥವಾ ‘ಇನ್’, ಅದರ ಹಿಂದೆ ಅಂಕಿ, ಪಕ್ಕದಲ್ಲಿ ‘ಲಾಂಗ್’ ಅಥವಾ ‘ಲೆಂತ್’ ಇದ್ದರೆ ಅಗಲ. ಏಲ್, ಚೀಸ್, ಮಾಂಸದ ಜೊತೆ ಪಟ್ಟಿಯಲ್ಲಿ ಬಂದರೆ ರೊಟ್ಟಿ. ಹಲಗೆಗೆ ‘ಬ್ರೆಡ್’, ‘ಬ್ರಾಡ್’ ಅಂತ ಮೂರನೆಯದೂ ಇದೆ; ಬಡಗಿಯ ಲೆಕ್ಕ ಓದುವಾಗ ಅದು ಕಾಡುತ್ತದೆ.

ನಿಘಂಟು ನೋಡುವವರಿಗೆ: 1700ಕ್ಕೆ ಮೊದಲಿನ ಪಠ್ಯವಾದರೆ ಹಳೆ ಸ್ಕಾಟ್ಸ್ ಭಾಷೆಯ ನಿಘಂಟು (1931–2002, 12 ಸಂಪುಟ), ಆಮೇಲಿನದಾದರೆ ಸ್ಕಾಟಿಶ್ ನ್ಯಾಷನಲ್ ಡಿಕ್ಷನರಿ (1931–1976, 10 ಸಂಪುಟ). ಎರಡೂ 2004ರಿಂದ ಅಂತರ್ಜಾಲದಲ್ಲಿ ಒಟ್ಟಿಗೆ ಸಿಗುತ್ತವೆ. ಒಂದು ಕಾಗುಣಿತಕ್ಕೆ ನಿಲ್ಲಬೇಡಿ, ಮೇಲೆ ಹೇಳಿದ ಮೂರನ್ನೂ ಹಾಕಿ ಹುಡುಕಿ. ಜಾನ್ ಜೇಮಿಸನ್‌ನ 1808ರ ನಿಘಂಟಿನ ಉಲ್ಲೇಖಗಳು ಚಿನ್ನದಂಥವು, ಆದರೆ ವ್ಯುತ್ಪತ್ತಿಗೆ ಅದನ್ನು ನೆಚ್ಚಬೇಡಿ. ಸ್ಕಾಟ್ಸ್ ಇಂಗ್ಲಿಷಿನಿಂದ ಹುಟ್ಟಿದ್ದಲ್ಲ, ಸ್ಕಾಟ್‌ಲೆಂಡಿನ ಪುರಾತನ ಜನ ಪಿಕ್ಟರ ನುಡಿಯಿಂದ ಬಂದದ್ದು ಅನ್ನುವ ವಾದಕ್ಕೆ ಆತ ಕಟ್ಟುಬಿದ್ದಿದ್ದ.

ನಿಘಂಟುಪ್ರಿಯ:
ಕೊನೆಯದಾಗಿ ಒಂದು ಲೆಕ್ಕ. ‘ಒಂದೂವರೆ ಎಲ್ ಲಾಂಗ್, ಮುಕ್ಕಾಲು ಎಲ್ ಆಫ್ ಬ್ರೀಡ್’ ಅನ್ನುವಂಥ ಸಾಲು ಲಿನನ್ ಟವೆಲ್ಲಿಗೆ ಬಂದರೆ ಎಷ್ಟಾಯಿತು?

ಅಳತೆಪಟ್ಟಿ:
ಸ್ಕಾಟ್ಸ್ ಎಲ್ ಅಂತ ಖಾತ್ರಿ ಇದ್ದರೆ ಉದ್ದ 55 ಇಂಚೂವರೆ, ಅಂದರೆ 141 ಸೆಂ.ಮೀ.; ಅಗಲ 27 ಇಂಚು ಮುಕ್ಕಾಲು, 70.6 ಸೆಂ.ಮೀ. ಇಂಗ್ಲಿಷ್ ಎಲ್ ಹಿಡಿದರೆ ಅಗಲವೇ 33 ಇಂಚು ಮುಕ್ಕಾಲಿಗೆ ಹೋಗುತ್ತದೆ, ಆರು ಇಂಚು ಜಾಸ್ತಿ. 1824ರ ಕಾಯ್ದೆಯಲ್ಲಿ ಇಂಪೀರಿಯಲ್ ಗಜ ಬಂದ ಮೇಲಿನ ಕಾಗದವಾದರೆ ‘ಮುಕ್ಕಾಲು’ ಅನ್ನುವುದು ಗಜದ ಮುಕ್ಕಾಲು, ಬರೀ 27 ಇಂಚು, ಆಗಿರುವ ಸಾಧ್ಯತೆ ಹೆಚ್ಚು. ತಾರೀಖು ನೋಡಿಕೊಳ್ಳಿ.

ಮಗ್ಗದಮನಿ:
1700ರ ಹಣಗಿದಾದ್ರ ಆ ಮುಕ್ಕಾಲು ಎಲ್‌ಗೆ ಹಾಸು 2550 ಎಳಿ. ದಡಿಗೆ ಎರಡೂ ಕಡೆ ನಾಕ್ನಾಕು ಜೋಡೆಳಿ ಬಿಡಬೇಕು, ಅವು ಈ ಎಣಿಕ್ಯಾಗ ಬಂದಿಲ್ಲರಿ.